ಮಕ್ಕಳಿರೋ ಮನೆ

ಕನ್ನಡಕ ಮತ್ತೆ ಜಾರಿತು, ನಮ್ಮ ಸುರಕ್ಷತಾ ಸಮಿತಿ ಅಧ್ಯಕ್ಷರ ಮೂಗಿಗೆ ಯಾವುದರ ಮೇಲೂ ಹಿಡಿತವಿಲ್ಲ, ಗಂಟಲಲ್ಲಿ ಕಫ ಹೊರಳಿಸಿ ಈಗ ಅದೇ ಮಂತ್ರ — ಸದಸ್ಯರೇ, ಇವತ್ತಿನ ವಿಷಯದಲ್ಲಿ ಹಿತಾಸಕ್ತಿ ಏನಾದರೂ ಇದೆಯಾ, ಇದ್ದರೆ ಹೇಳಿ ಆಚೆ ಹೋಗಿ — ಕ್ಯಾಂಟೀನಿನಲ್ಲಿ ನಾನು ಇವರದೇ ದನಿ ತೆಗೆದು ಇದನ್ನು ಇವರಿಗಿಂತ ಚೆನ್ನಾಗಿ ಹೇಳುತ್ತೇನೆ, ಕಫದ ಸಮೇತ, ಇವತ್ತಿನ ವಿಷಯ ಗ್ಯಾಸ್ ಗೀಸರ್, ಬಚ್ಚಲಲ್ಲಿ ಅದರ ಹೊಗೆ ಕಟ್ಟಿ ಸತ್ತ ಹುಡುಗಿ, ಎದುರಿಗೆ ಅವಳ ಅಮ್ಮ, ಬಟ್ಟೆ ಹೊಲಿಯುವವಳು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು, ಗೀಸರ್ ಮಾಡಿದವನು ನನ್ನ ಹೆಂಡತಿಯ ಅಣ್ಣ, ಸುರಕ್ಷಿತ ಎಂದು ಸಹಿ ಹಾಕಿದವನು ನಾನು, ನೆಂಟಸ್ತಿಕೆ ಇಲ್ಲಿ ಯಾರಿಗೂ ಗೊತ್ತಿಲ್ಲ, ಬಲಗಡೆಯವರು ಇಲ್ಲ ಅಂದರು, ಪಕ್ಕದ ಮೇಡಂ ಸಹ ಇಲ್ಲ ಅಂದರು, ಇವರಿಗೆ ಹಿತವೂ ಇಲ್ಲ ಆಸಕ್ತಿಯೂ ಇಲ್ಲ, ಹಸಿವು ಅಷ್ಟೆ, ಹೋದ ತಿಂಗಳು ಫ್ಯಾನಿನ ವಿಷಯ ಬಂದಾಗ, ದೂರದ ನೆಂಟರೊಬ್ಬರು ಫ್ಯಾನು ಮಾರುತ್ತಾರೆ ಎಂದು ಎದ್ದು ಆಚೆ ಹೋದವನು ನಾನೇ, ಎಂಥ ಪ್ರಾಮಾಣಿಕ ಅಂತ ಅಧ್ಯಕ್ಷರು ಕಣ್ಣೊರೆಸಿಕೊಂಡರಂತೆ, ಭಾವನ ದನಿಯೂ ನನಗೆ ಬರುತ್ತದೆ, ಎಲ್ಲ ಮೂಗಿನಿಂದಲೇ — ಹೊಗೆ ಪೈಪು ಗೇಣುದ್ದ ಮೊಟಕು ಮಾಡಿದ್ದೀವಿ, ಯಾರು ಅಳೀತಾರೆ, ಆದ್ರೆ ನಿಮ್ಮನೇದು ಬಿಚ್ಚಿಸಿಬಿಡಿ ಭಾವ, ಮಕ್ಕಳಿರೋ ಮನೆ — ಅವತ್ತೇ ಬಿಚ್ಚಿಸಿದೆ, ಹೊಸಾದನ್ನ ಯಾಕೆ ತೆಗೀತೀರಿ ಸಾರ್ ಅಂತ ಪ್ಲಂಬರು ತಲೆ ಕೆರೆದುಕೊಂಡ, ಗೀಸರ್ ಇಳಿಸಿದೆ, ಸಹಿ ಇಳಿಸಲಿಲ್ಲ, ಎದುರಿಗೆ ಕೂತ ಇವಳದೂ ಮಕ್ಕಳಿರೋ ಮನೆಯೇ ಆಗಿತ್ತಲ್ಲ, ಆಗಿತ್ತು, ಒಬ್ಬಳೇ ಮಗಳು — ನೀವು ಸಾರ್? — ಅಧ್ಯಕ್ಷರು ನನ್ನ ಕಡೆ ತಿರುಗಿದರು, ನಾನು, ಇದೆ ಅನ್ನಬೇಕು, ಎರಡೇ ಅಕ್ಷರ, ಅಂದರೆ ಹಳೇ ಸಹಿಗಳನ್ನೆಲ್ಲ ಅಗೆಯುತ್ತಾರೆ, ಕೆಲಸ ಹೋಗುತ್ತದೆ, ನಮ್ಮಣ್ಣನ್ನ ನೀವೇ ಹಿಡಿದುಕೊಟ್ರಲ್ಲ ಅಂತ ಹೆಂಡತಿ ಬಾಗಿಲಲ್ಲೇ ನಿಲ್ಲಿಸುತ್ತಾಳೆ, ಭಾವ ಇದ್ದೂ ನಿರ್ಭಾವವಾಗಿ, ಇಲ್ಲ, ಅಂದೆ, ಅಂದೇಬಿಟ್ಟೆ, ಎಷ್ಟು ಸಲೀಸು — ಹಾಗಾದ್ರೆ ತನಿಖೆ ವರದಿ ನೀವೇ ಬರೀರಿ, ನಿಮ್ಮಂಥ ಕಟ್ಟುನಿಟ್ಟಿನವರು ಇನ್ಯಾರಿದ್ದಾರೆ — ಕಡತ ಮೇಜಿನ ಮೇಲೆ ಜಾರಿ ಬಂತು, ಆ ಹೆಂಗಸು ನನಗೇ ಕೈಮುಗಿಯುತ್ತಾಳೆ, ನೀವಾದ್ರೂ ನೋಡಿ ಹೇಳಿ ಸಾರ್, ಅಮ್ಮಾ ಅಂತ ಒಂದ್ಸಲ ಕರೆದಂಗಾಯ್ತು, ಮೆಷಿನ್ ಸದ್ದಲ್ಲಿ ನಂಗೆ ಸರಿಯಾಗಿ ಕೇಳಲಿಲ್ಲ — ಇವಳ ದನಿ ತೆಗೆಯುವುದು ಎಷ್ಟು ಸುಲಭ, ಕೊನೆಗೆ ಸ್ವಲ್ಪ ಬಿರಿಯುತ್ತದೆ, ಕ್ಯಾಂಟೀನಿನಲ್ಲಿ, ಛೇ — ಮೊದಲ ಫೋಟೊ, ಬಚ್ಚಲ ಬಾಗಿಲ ಒಳಮೈ, ಚಿಲಕ ಅರ್ಧ ಸರಿದಿದೆ, ಪೈಪಿನ ಉದ್ದ ಬರೆಯಬೇಕು, ಬೇಡ, ಕಿಟಕಿ ಮುಚ್ಚಿತ್ತು ಅಂತ, ತಾಯಿ ಮನೆಯಲ್ಲೇ ಇದ್ದಳು ಅಂತ, ಕರೆದರೂ ಏಳಲಿಲ್ಲ ಅಂತ, ಅರ್ಧ ಸರಿದ ಚಿಲಕ, ತಾಯಿಯದೇ ತಪ್ಪು ಅಂತ ಬರೆದರೆ ನಂಬುತ್ತಾಳೆ, ಈಗಲೇ ಮುಕ್ಕಾಲು ನಂಬಿದ್ದಾಳೆ, ಚಿಲಕ, ಪುಟ ತಿರುಗಿಸು, ಇನ್ನೊಂದು, ಇನ್ನೂ ಹತ್ತಿರದಿಂದ, ಹಿಡಿಯ ಮೇಲೆ ಎರಡು ಬೆರಳ ಸೋಪಿನ ಗುರುತು, ಒಣಗಿದ್ದು, ಚಿಕ್ಕ ಬೆರಳು, ಚಿಲಕ, ಅರ್ಧ