ಉಣ್ಣೆ ಟೋಪಿ ಬಂತು, ನೀರು ಬರಲಿಲ್ಲ

ವರ್ತೂರು ಕೆರೆಯ ಕಡೆಯ ಒಂದು ಸರ್ಕಾರಿ ಶಾಲೆ. ಅಲ್ಲಿ ಶೌಚಾಲಯವಿತ್ತು, ನೀರಿರಲಿಲ್ಲ. ಹಾಗಾಗಿ ದೊಡ್ಡ ತರಗತಿಯ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದರೆ ಮತ್ತೆ ಬರುತ್ತಿರಲಿಲ್ಲ. 2009ರ ಮಾರ್ಚ್‌ನಲ್ಲಿ ಆ ಶಾಲೆಗೆ ವಿದೇಶದ ಒಂದು ಸಂಘದಿಂದ ಆರು ರಟ್ಟಿನ ಪೆಟ್ಟಿಗೆ ಬಂದವು. ತೆರೆದು ನೋಡಿದರೆ ಉಣ್ಣೆ ಟೋಪಿಗಳು! ಹೊರಗೆ ನೆತ್ತಿ ಸುಡುವ ಬಿಸಿಲು.

ಶಾಲಾ ಸಮಿತಿಯ ಅಧ್ಯಕ್ಷ ನಂಜಪ್ಪನವರಿಗೆ ಮಾತ್ರ ಹಿಗ್ಗೋ ಹಿಗ್ಗು. ಹೊಲದಲ್ಲಿ ಹದಿನಾರು ಬಾಡಿಗೆ ಮನೆ ಕಟ್ಟಿಸಿದ ಮನುಷ್ಯ. ಶನಿವಾರ ಆ ಸಂಘದವರೇ ಬರುತ್ತಾರೆಂದು ತಿಳಿದು ಶುಕ್ರವಾರವೇ ಓಡಿಬಂದರು.

"ಮೇಡಂ, ನಾಳೆ ಎಲ್ಲಾ ಮಕ್ಳೂ ಟೋಪಿ ಆಕ್ಕೊಂಡೇ ನಿಂತ್ಕೋಬೇಕು."

ಸಮಾಜ ಪಾಠದ ಯಮುನಾ ಮೇಡಂ ನಕ್ಕರು. "ಈ ಬಿಸಿಲಲ್ಲಿ ಉಣ್ಣೆ ಟೋಪೀನಾ? ನಮಗೆ ಬೇಕಿರೋದು ನೀರು ಅಂತ ಹೇಳ್ಬಿಡೋಣ ಸಾರ್."

"ದಾನಕ್ಕೆ ಬಂದ ಎಮ್ಮೆ ಹಲ್ಲು ಎಣಿಸ್ತಾರಾ? ಅವ್ರು ಬೇಜಾರಾಗಿ ಒಂಟೋದ್ರೆ?"

"ಸ್ವಲ್ಪ ಹೊತ್ತು ಕ್ಲಾಸಲ್ಲಿ ಕೂತ್ಕೊಳ್ಳಿ. ಇವತ್ತು ಅದೇ ಪಾಠ."

ಮೇಡಂ ಒಂಬತ್ತು ಮಕ್ಕಳನ್ನು ನಂಜಪ್ಪನವರ ಜೊತೆ ನಿಲ್ಲಿಸಿ, "ಈ ಹತ್ತು ಜನವೇ ಇಡೀ ಪ್ರಪಂಚ" ಎಂದರು. ಒಂದು ಸೇರು ಹುರಿದ ಕಡಲೆಕಾಯಿಯಲ್ಲಿ ಮುಕ್ಕಾಲು ಪಾಲನ್ನು ನಂಜಪ್ಪನವರ ಟವೆಲ್ಲಿಗೆ ಸುರಿದರು. ಮಿಕ್ಕಿದ್ದು ಒಂಬತ್ತು ಜನಕ್ಕೆ.

"ಜಾಸ್ತಿ ದುಡಿದೋನ್ಗೆ ಜಾಸ್ತಿ. ತಪ್ಪೇನಿದೆ?" ಎಂದರು ನಂಜಪ್ಪ, ಒಂದು ಕಾಯಿ ಸುಲಿಯುತ್ತ.

ಸಾಲಿನಲ್ಲಿದ್ದ ಸವಿತಾ ತಲೆಯೆತ್ತಿದಳು. ರಾಯಚೂರು ಕಡೆಯ ಹುಡುಗಿ, ನಂಜಪ್ಪನವರದೇ ಬಾಡಿಗೆ ಮನೆಯಲ್ಲಿದ್ದವಳು. "ನಮ್ಮವ್ವ ಮುಂಜಾನಿಂದ ಸಂಜೀತನ ಕಲ್ಲು ಹೊರ್ತಾಳ್ರಿ. ಆಕಿ ದುಡಿಯಂಗಿಲ್ಲೇನ್ರಿ?"

ನಂಜಪ್ಪ ಸುಲಿದ ಕಾಯಿಯನ್ನು ಬಾಯಿಗೆ ಹಾಕದೆ ಮತ್ತೆ ಟವೆಲ್ಲಿಗೇ ಹಾಕಿದರು.

"ದೇಶಗಳ ಕತೇನೂ ಹಿಂಗೇ," ಎಂದರು ಮೇಡಂ. "ಕೆಲವನ್ನ ಬೇರೆಯೋರು ಬಂದು ಆಳಿ ದೋಚ್ಕೊಂಡ್ ಹೋದ್ರು. ಕೆಲವು ಕಡೆ ಎಷ್ಟು ಬೆಳೆದ್ರೂ ಬೆಲೆ ಸಿಗಲ್ಲ. ಅದಕ್ಕೇ ಇರೋ ದೇಶ ಇಲ್ಲದ ದೇಶಕ್ಕೆ ನೆರವು ಕೊಡುತ್ತೆ. ನಮ್ಮ ದೇಶನೂ ಕೊಡುತ್ತೆ. ಅದು ಭಿಕ್ಷೆ ಅಲ್ಲ. ಈಗ ನೀವು ಈ ಮಕ್ಕಳಿಗೆ ಸಹಾಯ ಮಾಡಿ ಸಾರ್."

ನಂಜಪ್ಪ ಸವಿತಾಳ ಬೊಗಸೆ ತುಂಬ ಕಡಲೆಕಾಯಿ ಸುರಿದರು.

"ಶೇಂಗಾ ಸಾಕ್ರಿ ಅಜ್ಜಾರ. ಗಂಟಲು ಒಣಗೈತಿ, ನೀರು ಬೇಕ್ರಿ."

ತರಗತಿಗೆ ತರಗತಿಯೇ ನಕ್ಕಿತು. ನಂಜಪ್ಪನವರೂ ನಕ್ಕರು. ಆಮೇಲೆ ತಲೆ ಕೆರೆದುಕೊಂಡು, "ಹೌದಲ್ವಾ ಮಗಾ, ನಾನು ಕೇಳ್ಲೇ ಇಲ್ಲ" ಎಂದರು.

ಶನಿವಾರ ಯಾರ ತಲೆಯ ಮೇಲೂ ಟೋಪಿ ಇರಲಿಲ್ಲ. ಸಂಘದಿಂದ ಬಂದ ವಿದೇಶಿ ಹೆಂಗಸನ್ನು ನಂಜಪ್ಪನವರೇ ಶೌಚಾಲಯಕ್ಕೆ ಕರೆದೊಯ್ದು ಒಣಗಿದ ನಲ್ಲಿ ತಿರುಗಿಸಿ ತೋರಿಸಿದರು. ಹುಡುಗಿಯರ ಕಷ್ಟವನ್ನು ಸವಿತಾ ಹೇಳಿದಳು, ಮೇಡಂ ಇಂಗ್ಲಿಷಿನಲ್ಲಿ ತಿಳಿಸಿದರು. ಬಂದಾಕೆ ಬೇಜಾರು ಮಾಡಿಕೊಳ್ಳಲಿಲ್ಲ, ಕೆನ್ನೆ ಕೆಂಪಾಯಿತು ಅಷ್ಟೇ. "ನಿಮ್ಮನ್ನು ಮೊದಲೇ ಕೇಳಬೇಕಿತ್ತು" ಎಂದರು.

ಜೂನ್ ಹೊತ್ತಿಗೆ ಸಂಘದ ನೆರವಿನಿಂದ ಟ್ಯಾಂಕು, ಪೈಪು ಬಂದವು. "ನೀರು ನಮ್ ಬೋರಿಂದ ಬಿಡ್ತೀನಿ ಮೇಡಂ. ಪಕ್ಕದಲ್ಲೇ ಇದ್ಕೊಂಡು ನನ್ಗೇ ಒಳೀಲಿಲ್ಲ ನೋಡಿ," ಎಂದರು ನಂಜಪ್ಪ. ಈಗ ಹುಡುಗಿಯರು ಸಂಜೆ ಗಂಟೆ ಬಾರಿಸುವವರೆಗೂ ತರಗತಿಯಲ್ಲಿರುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ಒಬ್ಬರಿಗೆ ಅಷ್ಟು, ಇನ್ನೊಬ್ಬರಿಗೆ ಇಷ್ಟೇ ಯಾಕೆ ಎಂದು ನಿಮ್ಮ ಮಕ್ಕಳ ಜೊತೆ ಕೂತು ಮಾತಾಡಿ. ನೆರವು ಬಂದರೆ ತಲೆ ತಗ್ಗಿಸಬೇಡಿ, ಬೇಕಾದ್ದನ್ನು ಬಾಯಿಬಿಟ್ಟು ಹೇಳಿ. ನೀವೇ ಕೊಡುವವರಾದರೆ, ಕೊಡುವ ಮೊದಲು ಒಂದು ಮಾತು ಕೇಳಿ.