ಸಂಜೆಯ ಕಾಳು

ಹೊಲಿಗೆಯಕ್ಕನ ಹಿತ್ತಲಲ್ಲಿ ಮೂರನೇ ಸಲವೂ ಕುಂಬಳದ ಬೀಜ ಮೊಳೆಯಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಪಾತಿಯ ಮಣ್ಣು ಕೆದರಿತ್ತು, ಬೀಜದ ಸಿಪ್ಪೆ ಮಾತ್ರ ಬಿದ್ದಿತ್ತು. ಇಲಿಗಳು! ಹಾಳಾದವು ಒಂದನ್ನೂ ಬಿಟ್ಟಿರಲಿಲ್ಲ.

ಅಂಗಡಿಯಲ್ಲಿ ಬೀಜಕ್ಕೇನು ಬರವೇ? ಆದರೆ ಇವು ಅವಳ ಗಂಡ ಕೈಯಾರೆ ಒಣಗಿಸಿ ಡಬ್ಬಿಯಲ್ಲಿಟ್ಟಿದ್ದ ಬೀಜಗಳು. ಬಸ್ ಡ್ರೈವರ್ ಆಗಿದ್ದ ಆ ಮನುಷ್ಯ ತೀರಿಕೊಂಡು ವರ್ಷವಾಗಿತ್ತು. ಈಗ ಉಳಿದಿದ್ದು ನಾಲ್ಕೇ ಬೀಜ. ಅವೂ ಹೋದರೆ ಅವನು ಬೆಳೆಸಿದ ಬಳ್ಳಿ ಮತ್ತೆ ಕಣ್ಣಿಗೆ ಬೀಳುವುದಿಲ್ಲ.

ಸಂಜೆ ಅವಳು ಇಲಿ ಪಾಷಾಣ ತಂದು ಹಿಟ್ಟಿನಲ್ಲಿ ಕಲಸಲು ಕುಳಿತಳು. ಅಷ್ಟರಲ್ಲಿ ನಾದಿನಿ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸ್.

"ಅಯ್ಯೋ ಅತ್ತಿಗೆ, ಪಕ್ಕದ್ಮನೆ ಮಗು ಅಂಬೆಗಾಲಿಟ್ಕೊಂಡು ಇಲ್ಲೇ ಬರುತ್ತಲ್ಲ! ವಿಷ ತಿಂದ ಇಲೀನ ಬೆಕ್ಕು ತಿಂದ್ರೆ ಅದೂ ಸಾಯುತ್ತೆ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗಾಯ್ತು."

"ಮತ್ತೇನ್ ಮಾಡ್ಲಿ? ಮುದ್ದು ಮಾಡ್ಲಾ?"

"ಮೊದಲು ಅವಕ್ಕೆ ಊಟ ಎಲ್ಲಿ ಸಿಗ್ತಿದೆ, ಮನೆ ಎಲ್ಲಿದೆ, ನೋಡೋಣ."

ಕತ್ತಲಾಗತೊಡಗಿತ್ತು. ಹೊಲಿಗೆಯಕ್ಕ ಎದ್ದು, ದಿನದಂತೆ ಒಂದು ಬಟ್ಟಲು ಕಾಳನ್ನು ಹಿತ್ತಲಿಗೆ ಎರಚಿ, ಓಡುವವಳಂತೆ ಒಳಗೆ ಬಂದಳು. ಇದು ಗಂಡನ ಅಭ್ಯಾಸ. ಸಂಜೆ ಬೆಳಕಿರುವಾಗಲೇ ಕೆಲಸದಿಂದ ಬಂದವನು "ಹಕ್ಕಿಗಳದ್ದೂ ಡ್ಯೂಟಿ ಮುಗೀತು ಕಣೇ" ಎಂದು ಕಾಳು ಹಾಕುತ್ತಿದ್ದ. ಅವು ತಿಂದು ಹೋಗುವವರೆಗೂ ನಿಂತು, ಉಳಿದಿದ್ದನ್ನು ಗುಡಿಸಿ ತೆಗೆಯುತ್ತಿದ್ದ. ಅವಳಿಗೆ ಅಲ್ಲಿ ಒಬ್ಬಳೇ ನಿಲ್ಲಲು ಆಗುತ್ತಿರಲಿಲ್ಲ.

"ಇಷ್ಟ್ಹೊತ್ತಿಗೆ ಯಾವ ಹಕ್ಕಿ ಬರುತ್ತೆ?" ಎಂದು ನಾದಿನಿ ಅವಳನ್ನು ಕಿಟಕಿಯ ಹತ್ತಿರ ಎಳೆದಳು.

ಮೂಲೆಯ ಹಲಗೆ ರಾಶಿಯಡಿಯಿಂದ ಒಂದು ಇಲಿ ಬಂತು. ಹಿಂದೆಯೇ ಮೂರು. ಆಮೇಲೆ ಇಡೀ ಸಂಸಾರ.

"ನೋಡಿ ಅತ್ತಿಗೆ, ಇರೋಕೆ ಮನೆ ಕೊಟ್ಟು, ಮಣೆ ಹಾಕಿ ಬಡಿಸ್ತಿರೋರು ನೀವೇ!"

ಹೊಲಿಗೆಯಕ್ಕ ಅವಳ ಕೈ ಹಿಡಿದಳು. "ಆ ಹಲಗೆ ಮುಟ್ಬೇಡ. ನಾವಿಬ್ರೂ ಕೂತ್ಕೊಳ್ಳೋಕೆ ಬೆಂಚು ಮಾಡ್ತೀನಿ ಅಂತ ನಿಮ್ಮಣ್ಣ ತಂದಿಟ್ಟಿದ್ರು."

"ನಂಗೂ ಅಣ್ಣನ್ನ ನೋಡ್ಬೇಕು ಅನ್ಸುತ್ತೆ ಅತ್ತಿಗೆ, ದಿನಾ. ಆದ್ರೆ ಅವನು ಹಲಗೆ ಕೂಡಿಟ್ಟಿದ್ದು ಇಲಿಗಳಿಗಲ್ಲ."

ಇಬ್ಬರೂ ಸ್ವಲ್ಪ ಹೊತ್ತು ಅತ್ತರು. ಆಮೇಲೆ ಪಾಷಾಣ ಕಲಸುವ ಮಾತು ಯಾರೂ ಎತ್ತಲಿಲ್ಲ.

ನಾದಿನಿಯ ರಜೆಯ ದಿನ ಇಬ್ಬರೂ ಕೈಗವಸು, ಬೂಟು ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ ಹಿತ್ತಲಿಗಿಳಿದರು. "ಒಣಗಿದ ಇಲಿ ಹಿಕ್ಕೆನ ಹಾಗೇ ಗುಡಿಸ್ಬೇಡಿ, ಧೂಳು ಮೂಗಿಗೆ ಹೋಗುತ್ತೆ. ಬ್ಲೀಚಿಂಗ್ ನೀರು ಹಾಕಿ ನೆನೆಸಿ. ಇಲಿ ಮೂತ್ರ ಗಾಯಕ್ಕೆ ತಾಗಿದ್ರೆ ಇಲಿ ಜ್ವರ ಬರಬಹುದು" ಎಂದಳು ನಾದಿನಿ. ಹಲಗೆ ಎತ್ತಿದರು. ಗೋಡೆಯ ತೂತಿಗೆ ತಂತಿ ಬಲೆ ತುರುಕಿ ಸಿಮೆಂಟು ಬಳಿದರು. ಅಡುಗೆ ಕಸ ಹಾಕುವ ಗೊಬ್ಬರದ ಡ್ರಮ್ಮಿಗೆ ಬಿಗಿ ಮುಚ್ಚಳ ಬಂತು. ಓಡಿಹೋಗದೆ ಉಳಿದ ಇಲಿಗಳಿಗೆ, ಮಗುವಿನ ಕೈಗೆ ಎಟುಕದಂತೆ, ಗೋಡೆ ಬದಿಗೆ ಬೋನು ಇಟ್ಟರು. ನಾಲ್ಕು ಬೀಜಗಳನ್ನು ಕುಂಡದಲ್ಲಿ ಹಾಕಿ ಮೇಲೆ ತಂತಿ ಬಲೆ ಮುಚ್ಚಿದರು. ಬಡಗಿ ಬಂದು ಆ ಹಲಗೆಗಳಿಂದಲೇ ಬೆಂಚು ಮಾಡಿಕೊಟ್ಟ.

ಈಗ ಹೊಲಿಗೆಯಕ್ಕ ಬೆಳಿಗ್ಗೆ ಒಂದೇ ಹಿಡಿ ಕಾಳು ಹಾಕುತ್ತಾಳೆ. ಹಕ್ಕಿಗಳು ಹೋಗುವವರೆಗೂ ಬೆಂಚಿನ ಒಂದು ತುದಿಯಲ್ಲಿ ಕೂತಿದ್ದು, ಮಿಕ್ಕಿದ್ದನ್ನು ಗುಡಿಸಿಯೇ ಏಳುತ್ತಾಳೆ. ಮೊನ್ನೆ ಕುಂಡ ನೋಡಿ ಬಂದವಳು ಬೆಂಚಿನ ಖಾಲಿ ತುದಿಯ ಕಡೆ ತಿರುಗಿ, "ಎರಡು ಮೊಳೆತಿವೆ ಕಣ್ರೀ" ಎಂದಳು.

ನಿಮ್ಮ ಹಿತ್ತಲಲ್ಲೂ ಮುಟ್ಟಲು ಮನಸ್ಸಾಗದ ರಾಶಿಯೊಂದು ಇರಬಹುದು. ಇವತ್ತೇ ಅದನ್ನು ಎತ್ತಿ ನೋಡಿ. ಇಲಿಗೆ ಅನ್ನವೂ ಬೇಡ, ಆಸರೆಯೂ ಬೇಡ, ಮನೆಯಲ್ಲಿ ವಿಷವಂತೂ ಬೇಡವೇ ಬೇಡ. ಹೋದವರ ನೆನಪಿಗೆ ಕೂರಲು ಒಳ್ಳೆಯ ಜಾಗ ಮಾಡಿಕೊಡಿ.