ಖಾಲಿ ಬಿಟ್ಟ ಮೊದಲ ಖಾನೆ

ಐವತ್ತರ ಹೊಸ್ತಿಲಲ್ಲಿ ನಿಂತವಳನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿ ಪಾಠ ಹೇಳುತ್ತೇವೆಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಅತ್ತಿಗೆಗೂ ಉರಿಯಿತು. ಔಷಧಿ ಗೋದಾಮಿನಲ್ಲಿ ಯಾವ ಮಾಲು ಎಷ್ಟಿದೆ ಎಂದು ತೋರಿಸುವ ಪ್ರೋಗ್ರಾಂ ಅವಳ ಕೂಸು. ಬರೆದವಳೂ ಅವಳೇ, ಕೆಟ್ಟಾಗ ಎದ್ದುಬಿದ್ದು ಓಡಿದವಳೂ ಅವಳೇ. ಈಗ ಅದೆಲ್ಲ ಹೊಸ ಪ್ಲಾಟ್‌ಫಾರ್ಮಿಗೆ ಹೋಗಬೇಕಂತೆ, ವೆಬ್‌ನಲ್ಲಿ ಕಾಣಬೇಕಂತೆ. ಕೊನೆಯ ದಿನ ಮ್ಯಾನೇಜರ್ ಎದುರು ಓಡಿಸಿ ತೋರಿಸುವಾಗ ಯಾರ ಭಾಗ ಕೈಕೊಡುತ್ತದೋ ಅವರು ಮನೆಗೆ.

ಪಕ್ಕದಲ್ಲಿ ಕೂತವಳು ನಾದಿನಿ, ಗಂಡನ ತಂಗಿ. ಅವಳನ್ನು ಇಲ್ಲಿಗೆ ಸೇರಿಸಲು ಅತ್ತಿಗೆ ಇದೇ ಮ್ಯಾನೇಜರನ ಮುಂದೆ ಹಲ್ಲುಗಿಂಜಿದ್ದಳು. ಒಂದೇ ಮನೆ, ಒಂದೇ ಸ್ಕೂಟರು. ಅತ್ತಿಗೆ ಓಡಿಸುವುದು, ನಾದಿನಿ ಹಿಂದೆ ಕೂತು ಲೋಕದ ಸುದ್ದಿಯನ್ನೆಲ್ಲ ಕಿವಿಗೆ ಊದುವುದು.

"ಈ ಪ್ಲಾಟ್‌ಫಾರ್ಮಿನ ಮಜಾನೇ ಇದು," ಎಂದಿದ್ದ ತರಬೇತಿಯವನು. "ನೀವು ನಿಮ್ಮ ಹಳೇ ಪ್ರೋಗ್ರಾಮಿಂಗ್ ಭಾಷೇಲಿ ಬರೀರಿ, ಪಕ್ಕದವರು ಹೊಸದ್ರಲ್ಲಿ ಬರೀಲಿ. ಒಳಗೆ ಹೋದ್ಮೇಲೆ ಎರಡೂ ಒಂದೇ."

ಅತ್ತಿಗೆಗೆ ಹೋದ ಜೀವ ಬಂದಂತಾಯಿತು. ಗೋದಾಮಿನ ಮಾಲನ್ನು ಓದಿ ಪಟ್ಟಿ ಮಾಡುವ ಭಾಗ ತನಗೆ, ಅದನ್ನು ತೆರೆಯ ಮೇಲೆ ತೋರಿಸುವ ಭಾಗ ನಾದಿನಿಗೆ ಎಂದು ಹಂಚಿಕೊಂಡರು.

ಹಳೆಯ ಭಾಷೆಯವರಿಗೆ ಒಂದು ಅಭ್ಯಾಸ. ಪಟ್ಟಿಗೆ ಹತ್ತು ಖಾನೆ ಕೇಳಿದರೆ ಆ ಭಾಷೆ ಸೊನ್ನೆಯನ್ನೂ ಸೇರಿಸಿ ಹನ್ನೊಂದು ಕೊಡುತ್ತದೆ. ಸೊನ್ನೆಯ ಖಾನೆಯನ್ನು ಖಾಲಿ ಬಿಟ್ಟು, ಒಂದರಿಂದ ತುಂಬುವುದು ಅತ್ತಿಗೆಯ ಕಾಲದವರ ಪದ್ಧತಿ. ಹೊಸ ಭಾಷೆಯವರು ಸೊನ್ನೆಯಿಂದಲೇ ಶುರು.

"ನೋಡು ಪುಟ್ಟಿ, ನನ್ನ ಪಟ್ಟಿಯ ಮೊದಲ ಖಾನೆ ಖಾಲಿ. ಅದನ್ನ ದಾಟಿಕೊಂಡು ಹೋಗು," ಎಂದು ಅತ್ತಿಗೆ ಪಕ್ಕದಲ್ಲೇ ಕೂತು ಹಾಗೆ ದಾಟಿಸುವ ಒಂದು ಸಾಲನ್ನು ಅವಳ ಭಾಗದಲ್ಲಿ ಬರೆಸಿದ್ದಳು.

"ಆಯ್ತು ಅತ್ತಿಗೆ, ಎಷ್ಟು ಸಲ ಹೇಳ್ತೀರಾ!"

ಕೊನೆಯ ದಿನದ ಹಿಂದಿನ ಸಂಜೆ ಓಡಿಸಿ ನೋಡಿದಾಗ ನೀರು ಕುಡಿದಷ್ಟು ಸಲೀಸಾಗಿ ಓಡಿತ್ತು. ಮರುದಿನ ಮ್ಯಾನೇಜರ್ ಕಾಲಮೇಲೆ ಕಾಲು ಹಾಕಿ ಕೂತಾಗ ತೆರೆಯ ಮೇಲೆ ಮೂಡಿದ್ದು ಕೆಂಪು ಅಕ್ಷರಗಳ ಸಾಲು.

"ಪಟ್ಟಿಯಲ್ಲಿ ಖಾಲಿ ಖಾನೆ ಬಂದಿದೆ," ಎಂದು ತರಬೇತಿಯವನು ಬಗ್ಗಿ ನೋಡಿದ. "ಹಳೇ ಭಾಷೆ ಕಡೆಯಿಂದ."

"ಅಂದ್ಕೊಂಡೆ," ಎಂದ ಮ್ಯಾನೇಜರ್. ಅಷ್ಟು ವರ್ಷದ ದುಡಿಮೆಗೆ ಅವನು ಖರ್ಚು ಮಾಡಿದ್ದು ಆ ಒಂದೇ ಮಾತು, ಪುಣ್ಯಾತ್ಮ.

ಅತ್ತಿಗೆ ನಾದಿನಿಯತ್ತ ತಿರುಗಿದಳು. ನಾದಿನಿ ತಲೆ ಬಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು. ಅತ್ತಿಗೆ ಮೇಜಿನ ಮೇಲಿದ್ದ ತನ್ನ ಸಾಮಾನನ್ನು ಚೀಲಕ್ಕೆ ತುಂಬಿಕೊಂಡು ಎದ್ದಳು.

ಮನೆಯಲ್ಲಿ ಗಂಡ, "ಹೋಗ್ಲಿ ಬಿಡು, ಇನ್ನಾದ್ರೂ ಆರಾಮಾಗಿರು," ಎಂದ. ಅತ್ತೆ ಮಗಳ ಕೆಲಸ ಉಳಿಯಿತೆಂದು ನೆಮ್ಮದಿಯ ಉಸಿರುಬಿಟ್ಟಳು. ಸೊಸೆ ಅಲ್ಲೇ ತಟ್ಟೆ ತೊಳೆಯುತ್ತಿದ್ದುದು ಅವಳ ಕಣ್ಣಿಗೆ ಬೀಳಲಿಲ್ಲವೇನೋ.

ಸೋಮವಾರ ಬೆಳಿಗ್ಗೆ ನಾದಿನಿ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಳು. "ಅತ್ತಿಗೆ, ಲೇಟಾಗ್ತಿದೆ. ಒಂಚೂರು ಬಿಟ್ಟು ಬರ್ತೀರಾ?"

ಎಂಥ ಗುಂಡಿಗೆ ಇರಬೇಕು! ಅತ್ತಿಗೆ ಕೈ ಒರೆಸಿಕೊಂಡು ಕೀಲಿ ತೆಗೆದುಕೊಂಡಳು. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಒಂದು ಸುದ್ದಿಯೂ ಬರಲಿಲ್ಲ. ಗೇಟಿನ ಕಾವಲುಗಾರ ಇಬ್ಬರಿಗೂ ಎಂದಿನಂತೆ ಸಲಾಂ ಹೊಡೆದ.

ನಾದಿನಿ ಇಳಿದು ಚೀಲದ ಪಟ್ಟಿ ಎಳೆದಾಡಿದಳು. "ನಿಮ್ಮ ಭಾಗಾನೂ ನಾನೇ ಹೊಸದಾಗಿ ಬರೀಬೇಕಂತೆ. ಸಂಜೆ ಸ್ವಲ್ಪ ಹೇಳಿಕೊಡ್ತೀರಾ?"

"ಹೊಸದಾಗಿ ಯಾಕೆ? ನೀನು ಅಳಿಸಿದ ಆ ಒಂದು ಸಾಲು ವಾಪಸ್ ಹಾಕು. ಓಡುತ್ತೆ."

ನಾದಿನಿಯ ಮುಖ ಬಿಳಿಚಿಕೊಂಡಿತು. "ಬೇಕಂತ ಅಳಿಸಿದ್ದಲ್ಲ ಅತ್ತಿಗೆ, ಆಣೆಗೂ. ಈ ಸಾಲು ಬೇಡ, ಚೊಕ್ಕ ಮಾಡು ಅಂತ ಅವತ್ತು ಬೆಳಿಗ್ಗೆ ತರಬೇತಿಯವರು ಅಂದ್ರು... ನಿಮಗೆ ಗೊತ್ತಿತ್ತಾ?"

"ತೆರೆ ಕೆಂಪಾದಾಗಲೇ."

"ಮತ್ತೆ ಎಲ್ಲರ ಮುಂದೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ," ಎಂದು ಅತ್ತಿಗೆ ಸ್ಕೂಟರ್ ತಿರುಗಿಸಿದಳು.